ಒಂದುಗೆರೆ ಮೇಡಂ

ಮೇಡಂ ನಮ್ಮ ಕಚೇರಿಗೆ ವಕೀಲೆಯಾಗಿ ಸೇರಿದ ಮೊದಲ ವಾರವೇ ನಾನು ನಮ್ಮ ಯಜಮಾನರಾದ ಹಿರಿಯ ವಕೀಲರ ಹತ್ತಿರ ದೂರು ಒಯ್ದೆ. ವಕೀಲರ ಗುಮಾಸ್ತನಾಗಿ ನನಗೆ ಮೂವತ್ತೊಂದು ವರ್ಷದ ಸರ್ವೀಸು. ನನ್ನ ಮೇಜಿನಿಂದ ಹೊರಟ ಹಾಳೆಯಲ್ಲಿ ಒಂದು ಕಲೆ ತೋರಿಸಿದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಣ ಕಟ್ಟುವವನು ನಾನು. ತಪ್ಪು ಬಿತ್ತೋ, ವೈಟ್ನರ್ ಶೀಶೆ ಇದೆ. ಒಂದು ಸಲ ಸವರಿ, ಉಫ್ ಎಂದು ಊದಿ, ಮೇಲೆ ಸರಿಯಾದದ್ದನ್ನು ಬರೆದರೆ ಮುಗಿಯಿತು. ಮೇಡಂ ಹಾಗೆ ಮಾಡುತ್ತಿರಲಿಲ್ಲ. ತಪ್ಪಾದ ಪದದ ಮೇಲೆ ಸ್ಕೇಲು ಇಟ್ಟು ಒಂದೇ ಒಂದು ಗೆರೆ ಎಳೆಯುವರು. ಪಕ್ಕದಲ್ಲಿ ಸರಿಯಾದ ಪದ, ಅದರ ಕೆಳಗೆ ಚಿಕ್ಕ ಸಹಿ, ತಾರೀಖು. ಒಂದು ಪುಟದಲ್ಲಿ ಆರು ತಪ್ಪಿದ್ದರೆ ಆರು ಗೆರೆ, ಆರು ಸಹಿ, ಆರು ತಾರೀಖು. ಓದಿ ಟೈಪು ಮಾಡುವವನ ಪಾಡು ದೇವರಿಗೇ ಪ್ರೀತಿ.

"ಮೇಡಂ, ಇದು ಬರೀ ಕರಡು. ಬಿಳಿ ಹಚ್ಚಿಬಿಡಿ," ಎಂದೆ.

"ಬಿಳಿ ಹಚ್ಚಿದ್ರೆ ಕೆಳಗೆ ಏನಿತ್ತು ಅಂತ ಗೊತ್ತಾಗಲ್ವಲ್ಲ, ಗುಮಾಸ್ತರೇ."

"ಗೊತ್ತಾಗಬಾರದು ಅಂತಾನೇ ಹಚ್ಚೋದು!"

ಅವರು ನಕ್ಕರು, ಗೆರೆ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ಯಜಮಾನರು ನನ್ನ ದೂರು ಕೇಳಿ, "ನಿನ್ನ ಶೀಶೆ ನಿನಗೆ, ಅವಳ ಸ್ಕೇಲು ಅವಳಿಗೆ. ಹೋಗಿ ಕೆಲಸ ನೋಡು," ಎಂದು ಅಟ್ಟಿದರು. ಆ ಸಿಟ್ಟಿಗೆ ನಾನು ಇಟ್ಟ ಹೆಸರು ಒಂದುಗೆರೆ ಮೇಡಂ. ತಿಂಗಳೊಪ್ಪತ್ತಿನಲ್ಲಿ ನ್ಯಾಯಾಲಯದ ಮೂರನೇ ಮಹಡಿಯ ಗುಮಾಸ್ತರೆಲ್ಲ ಅವರನ್ನು ಹಾಗೆಯೇ ಕರೆಯತೊಡಗಿದರು.

ಅವರು ಓದಿದ್ದು ರಸಾಯನಶಾಸ್ತ್ರ, ಎಂ.ಎಸ್ಸಿ. ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಖಾಯಂ ಕೆಲಸವಿತ್ತು. ಐದಾರು ವರ್ಷ ನೆಟ್ಟಗೆ ನಡೆಸಿದವರು ಇದ್ದಕ್ಕಿದ್ದಂತೆ ಸಂಜೆ ಕಾಲೇಜಿಗೆ ಸೇರಿ ಮೂರು ವರ್ಷ ಕಾನೂನು ಓದಿದರು, ಮೂವತ್ತೊಂದನೆಯ ವಯಸ್ಸಿಗೆ ಆ ಕೆಲಸ ಬಿಟ್ಟು ನಮ್ಮಲ್ಲಿ ಜೂನಿಯರ್ ಆಗಿ ಬಂದು ಕುಳಿತರು. ಮೇಡಂ ಅವರ ತಾಯಿ ಒಮ್ಮೆ ಕಚೇರಿಗೆ ಬಂದಾಗ ನನ್ನ ಮುಂದೆಯೇ ಅಲವತ್ತುಕೊಂಡರು: "ಬಿಳೀ ಕೋಟು ಬಿಚ್ಚಿ ಕರೀ ಕೋಟು ಹಾಕ್ಕೊಂಡ್ಳು ನೋಡಿ. ಮಧ್ಯದಲ್ಲಿ ಒಬ್ಬ ಅಳಿಯನ್ನ ಹುಡುಕೋಕೆ ನನಗೆ ಪುರುಸೊತ್ತೇ ಕೊಡಲಿಲ್ಲ."

ಇದ್ದ ಕೆಲಸ ಏಕೆ ಬಿಟ್ಟಿರಿ ಎಂದು ಯಾರು ಕೇಳಿದರೂ ಮೇಡಂ ಒಂದೇ ಉತ್ತರ ಕೊಡುತ್ತಿದ್ದರು. "ಅಲ್ಲಿ ಫಾರ್ಮು ಚಿಕ್ಕದಾಗಿತ್ತು." ಓದಿದವರ ಕೊಬ್ಬು ಎಂದು ನಾನು ಅಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ.

ಒಂದೂವರೆ ವರ್ಷ ಅವರು ಮಾಡಿದ್ದೆಂದರೆ ಕರಡು ಬರೆಯುವುದು, ಕೋರ್ಟಿನಲ್ಲಿ ಎದ್ದು ನಿಂತು ಮುಂದಿನ ದಿನಾಂಕ ಕೇಳುವುದು, ಇಷ್ಟೇ. ವಾದ ಮಾಡುವ ಭಾಗ್ಯ ಇನ್ನೂ ಬಂದಿರಲಿಲ್ಲ. ಆಗ ಬಂದರು ಅಡುಗೆಯಮ್ಮ.

ಐವತ್ತು ದಾಟಿದ ಹೆಂಗಸು. ದಪ್ಪ ಕೈ, ಅಗಲ ಮುಖ. ಬಟ್ಟೆ ಚೀಲದಲ್ಲಿ ಫೈಲು ತಂದು ನನ್ನ ಮೇಜಿನ ಮೇಲೆ ಇಟ್ಟವರೇ, "ಐದು ವರ್ಷದಿಂದ ಇದನ್ನ ಹೊತ್ಕೊಂಡು ತಿರುಗ್ತಿದ್ದೀನಿ. ಇದ್ದ ವಕೀಲರು ವಯಸ್ಸಾಯ್ತು ಅಂತ ಕೈ ಬಿಟ್ರು," ಎಂದರು. ಹುಡುಗಿಯರ ಹಾಸ್ಟೆಲೊಂದರಲ್ಲಿ ಹದಿನಾರು ವರ್ಷ ಅಡುಗೆ ಮಾಡಿದವರು. ಒಂದು ಮಧ್ಯಾಹ್ನ ಊಟವಾದ ಮೇಲೆ ಹನ್ನೊಂದು ಹುಡುಗಿಯರಿಗೆ ವಾಂತಿಯಾಯಿತು. ಎರಡು ದಿನದಲ್ಲಿ ಎಲ್ಲರೂ ಚೇತರಿಸಿಕೊಂಡರು. ಆದರೆ ಉಗ್ರಾಣದ ಮೂಲೆಯಲ್ಲಿ ಜಿರಳೆ ಔಷಧದ ಡಬ್ಬಿ ಸಿಕ್ಕಿತು, ಉಳಿದ ತರಕಾರಿಯನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಕೀಟನಾಶಕ ಇದೆ ಎಂದು ವರದಿ ಬಂತು. ಅಜಾಗರೂಕತೆಯಿಂದ ವಿಷ ಬೆರೆಸಿದಳು ಎಂದು ಕೇಸು. ಕೆಲಸ ಅವತ್ತೇ ಹೋಯಿತು. ಈಗ ಒಂದು ಲಾಂಡ್ರಿಯಲ್ಲಿ ಹಾಸಿಗೆ ಹೊದಿಕೆ ಮಡಚುತ್ತಿದ್ದರು.

"ನನ್ನ ಸ್ವಂತ ತಂಗಿ ನನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲ್ಲ," ಎಂದರು ಯಜಮಾನರ ಮುಂದೆ ಕುಳಿತು. ಅಳಲಿಲ್ಲ. "ಜೈಲಾದ್ರೆ ಆಗ್ಲಿ ಸ್ವಾಮಿ, ಅಲ್ಲೂ ಜನ ಇದ್ದಾರೆ. ಆದ್ರೆ ಇನ್ನು ಮುಂದೆ ಯಾರಾದ್ರೂ ನನ್ನ ಕೈ ಅಡುಗೆ ತಿಂತಾರಾ? ಅದನ್ನ ಹೇಳಿ."

ಯಜಮಾನರು ಫೈಲನ್ನು ಮೇಡಂ ಕಡೆ ತಳ್ಳಿದರು. "ಆಹಾರ, ಲ್ಯಾಬು, ವರದಿ. ನನಗಿಂತ ನಿನಗೇ ಚೆನ್ನಾಗಿ ಅರ್ಥ ಆಗುತ್ತೆ. ವಾದ ನೀನೇ ಮಾಡು."

ಮೇಡಂ ಮುಖ ನೋಡಬೇಕಿತ್ತು. ಮನೆಗೆ ಫೋನು ಮಾಡಿ ತಾಯಿಗೆ ಹೇಳಿದ್ದೂ ಆಯಿತು, ಹೊಸ ಕೋಟು ಹೊಲಿಸುವ ಮಾತೂ ಆಯಿತು. ಮರುದಿನ ಬೆಳಿಗ್ಗೆ ಬಂದವರೇ ಫೈಲನ್ನು ಮೊದಲ ಹಾಳೆಯಿಂದ ಓದಲು ಕುಳಿತರು. ನಾನು ಎದುರಿನ ಮೇಜಿನಲ್ಲಿ ಟೈಪು ಮಾಡುತ್ತಿದ್ದೆ. ಇಪ್ಪತ್ತಮೂರನೆಯ ಹಾಳೆಗೆ ಬಂದಾಗ ಅವರ ಕೈ ನಿಂತಿತು. ಬಹಳ ಹೊತ್ತಾದರೂ ಪುಟ ತಿರುಗಲಿಲ್ಲ. ಏನು ಮೇಡಂ ಎಂದು ಎದ್ದು ಹೋಗಿ ಬಗ್ಗಿ ನೋಡಿದೆ. ಅದು ಪ್ರಯೋಗಾಲಯದ ವರದಿ. ಮಾದರಿ ಸಂಖ್ಯೆ ನಾಲ್ಕುನೂರ ಹದಿನೇಳು. ಕೆಳಗೊಂದು ಸಹಿ. ಅದನ್ನು ಯಾರೂ ನನಗೆ ಗುರುತಿಸಿ ಹೇಳಬೇಕಾಗಿರಲಿಲ್ಲ. ಒಂದೂವರೆ ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ, ಒಂದೊಂದು ಗೆರೆಯ ಪಕ್ಕದಲ್ಲೂ ನೋಡಿ ನೋಡಿ ಬೈದುಕೊಂಡ ಸಹಿ ಅದು.

ಮೇಡಂ ಎದ್ದು ನೇರ ಯಜಮಾನರ ಕೋಣೆಗೆ ಹೋದರು. ಕರೆಯದಿದ್ದರೂ ನಾನೂ ಹಿಂದೆಯೇ ಹೋದೆ.

"ಸರ್, ಇದು ನಾನೇ ಕೊಟ್ಟ ವರದಿ," ಎಂದರು.

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ನಿಂತೇ ಹೇಳಿದರು. ಲ್ಯಾಬಿಗೆ ಬರುವ ಮಾದರಿಗಳಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಯಾರ ಅಡುಗೆ, ಯಾವ ಊರು, ಒಂದೂ ಗೊತ್ತಾಗುವುದಿಲ್ಲ. ಪ್ರತಿ ಪರೀಕ್ಷೆಯ ಜೊತೆ ಇನ್ನೊಂದು ಪರೀಕ್ಷೆ ಮಾಡಬೇಕು, ಅದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಅದೇ ಪಾತ್ರೆ, ಅದೇ ದ್ರಾವಣ, ಎಲ್ಲ ಅದೇ. ಆದರೆ ಮಾದರಿ ಮಾತ್ರ ಹಾಕುವುದಿಲ್ಲ. ಖಾಲಿ ಪಾತ್ರೆಯಲ್ಲಿ ಬರೀ ನೀರು ಕುದಿಸಿ, ಪಾತ್ರೆಯೇ ವಾಸನೆ ಹೊಡೆಯುತ್ತಿಲ್ಲ ತಾನೇ ಎಂದು ನೋಡಿದ ಹಾಗೆ.

"ಅವತ್ತು ತರಕಾರಿಯಲ್ಲಿ ಕೀಟನಾಶಕದ ಅಂಶ ಹನ್ನೆರಡು ಬಂತು ಸರ್. ಬ್ಲ್ಯಾಂಕ್‌ನಲ್ಲಿ ಹನ್ನೊಂದು ಬಂತು."

"ಅಂದ್ರೆ?"

"ಅಂದ್ರೆ ವಿಷ ಇದ್ದಿದ್ದು ನಮ್ಮ ಗಾಜಿನ ಪಾತ್ರೆಯಲ್ಲೇ. ಅವತ್ತು ಬೆಳಿಗ್ಗೆ ಗೋದಾಮಿನ ಧಾನ್ಯದ ಪರೀಕ್ಷೆ ಮಾಡಿದ್ವಿ, ಅದಕ್ಕೆ ಸಿಂಪಡಿಸಿದ್ದು ಪಾತ್ರೆಯಲ್ಲಿ ಉಳಿದಿತ್ತು ಅನ್ಸುತ್ತೆ. ಮತ್ತೆ ಮಾಡೋಣ ಅಂತ ನಮ್ಮ ಮುಖ್ಯಸ್ಥರ ಹತ್ರ ಹೋದೆ. ಮಾದರಿ ಮುಗಿದುಹೋಗಿದೆ, ಬಂದದ್ದನ್ನ ಬರೆದು ಕಳ್ಸು ಅಂದ್ರು. ವರದಿಯ ಫಾರ್ಮಿನಲ್ಲಿ ಬ್ಲ್ಯಾಂಕ್‌ಗೆ ಜಾಗಾನೇ ಇಲ್ಲ. ಹನ್ನೆರಡು ಅಂತ ಬರೆದು ಸಹಿ ಹಾಕಿದೆ."

ನನಗೆ ಆಗ ಹೊಳೆಯಿತು, ಫಾರ್ಮು ಚಿಕ್ಕದಾಗಿತ್ತು ಎಂದರೆ ಏನು ಎಂದು.

"ಆ ನಂಬರಿನ ಹಿಂದೆ ಯಾರೋ ಒಬ್ಬರು ಇರ್ಬೇಕಲ್ವಾ ಅಂತ ತಲೆಗೆ ಹತ್ತಿಬಿಡ್ತು ಸರ್. ಈ ಕಾಗದ ಎಲ್ಲಿಗೆ ಹೋಗುತ್ತೆ, ಅಲ್ಲಿ ಯಾರಾದ್ರೂ ಪ್ರಶ್ನೆ ಕೇಳ್ತಾರಾ ಅಂತ ಹುಡುಕಿಕೊಂಡೇ ಲಾ ಕಾಲೇಜಿಗೆ ಹೋಗಿದ್ದು."

"ಯಾರೂ ಕೇಳಲ್ಲ," ಎಂದರು ಯಜಮಾನರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನಾವು. ಆಯ್ತು, ಈ ಹನ್ನೊಂದನ್ನ ಎಲ್ಲಾದರೂ ಬರೆದಿದ್ದೀಯಾ?"

ಮೇಡಂ ಈಗ ಕುರ್ಚಿ ಎಳೆದುಕೊಂಡು ಕುಳಿತರು. "ನೋಟ್‌ಬುಕ್ಕಿನಲ್ಲಿ ಬರೆದೆ ಅಂತ ನೆನಪು. ಆದ್ರೆ ಐದು ವರ್ಷ ಆಯ್ತು. ಬರೀಬೇಕು ಅಂದುಕೊಂಡದ್ದೇ ಬರೆದ ಹಾಗೆ ನೆನಪಾಗ್ತಿದ್ರೆ?"

ಯಜಮಾನರು ಕನ್ನಡಕ ಹಾಕಿಕೊಂಡು, ಇನ್ನು ಈ ಫೈಲು ನಮ್ಮ ಕಚೇರಿಯಲ್ಲಿ ಇರುವಂತಿಲ್ಲ ಎಂದರು. ವಕೀಲೆಯೇ ಸಾಕ್ಷಿಯಾಗಲು ಸಾಧ್ಯವಿಲ್ಲ. ಎದುರು ಕೋಣೆಯ ವಕೀಲರು ವಾದ ಮಾಡಲಿ, ಆ ನೋಟ್‌ಬುಕ್ ತರಿಸಲು ಅರ್ಜಿ ಹಾಕಲಿ, ಮೇಡಂ ಕಟಕಟೆ ಹತ್ತಲಿ. "ನಿನ್ನ ಮೊದಲ ಕೇಸು ಹೋಯ್ತು ನೋಡು," ಎಂದರು ಕೊನೆಗೆ, ಮೆತ್ತಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಹಲುಬಿದೆ. ಮೇಡಂ ಮಾತ್ರ, "ಅಡುಗೆಯಮ್ಮನಿಗೆ ನಾನೇ ಹೇಳ್ತೀನಿ," ಎಂದರು.

ಹೇಳಿದರು. ಕಚೇರಿಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು, ಒಂದು ಮಾತೂ ಮುಚ್ಚಿಡದೆ ಹೇಳಿದರು. ಅಡುಗೆಯಮ್ಮ ಪೂರ್ತಿ ಕೇಳಿದರು.

"ಅಂದ್ರೆ ಈ ಐದು ವರ್ಷ ನಿಮ್ಮ ಸಹಿ ಕೆಳಗೆ ಬಿದ್ದಿದ್ದೆ ನಾನು," ಎಂದರು.

"ಹೌದಮ್ಮ."

"ಅವತ್ತೇ ಬಾಯಿ ಬಿಡೋಕೆ ಆಗ್ಲಿಲ್ವಾ?"

"ಬಿಟ್ಟೆ. ಒಬ್ಬರ ಹತ್ರ ಬಿಟ್ಟು ಸುಮ್ಮನಾದೆ. ಇನ್ನೊಬ್ಬರ ಹತ್ರ ಹೋಗ್ಬೇಕಿತ್ತು."

ಅಡುಗೆಯಮ್ಮ ಚೀಲ ಎತ್ತಿಕೊಂಡು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ, "ಕೋರ್ಟಲ್ಲಿ ಬಂದು ಇದನ್ನೇ ಹೇಳ್ತೀರಾ?" ಎಂದು ಕೇಳಿದರು. ಮೇಡಂ ಹೂಂ ಎಂದರು. ಆಕೆ ಹೋದ ಮೇಲೆ ಮೇಡಂ ಅತ್ತರು. ನಾನು ಟೈಪು ಮಾಡುವ ಶಬ್ದ ಜೋರು ಮಾಡಿದೆ.

ನೋಟ್‌ಬುಕ್ ಬರಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟೂ ದಿನ ಮೇಡಂ ಊಟದ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚುವರು. ಹಳೆಯ ಮುಖ್ಯಸ್ಥರು ನಿವೃತ್ತರಾಗಿ ಎಲ್ಲೋ ಮಗಳ ಮನೆ ಸೇರಿದ್ದರು. ಅವರು ಆ ಪುಟವನ್ನು ಹರಿದಿದ್ದರೆ ಎಂದು ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. ಹರಿಯಲು ಆಗುವುದಿಲ್ಲ, ಪುಟಗಳಿಗೆ ನಂಬರು ಅಚ್ಚು ಮಾಡಿರುತ್ತಾರೆ ಎಂದರು ಮೇಡಂ. "ಹರಿಯೋದು ದೂರ ಇರ್ಲಿ, ನಾನು ಬರೆದೇ ಇಲ್ಲದಿದ್ರೆ?" ನಾನು ಚಹಾ ತರಿಸಿಕೊಟ್ಟೆ.

ಆ ದಿನ ಬಂತು. ಮೇಡಂ ಕರಿ ಕೋಟು ಹಾಕಿರಲಿಲ್ಲ. ಸಾದಾ ಬೂದು ಬಣ್ಣದ ಸೀರೆಯಲ್ಲಿ ಕಟಕಟೆ ಹತ್ತಿದರು. ತಿಂಗಳುಗಟ್ಟಲೆ ಕಾದು ಕೋರ್ಟಿನಲ್ಲಿ ಮೊದಲ ಸಲ ದಿನಾಂಕ ಬಿಟ್ಟು ಬೇರೆ ಮಾತಾಡಿದ್ದು ತಪ್ಪು ಜಾಗದಲ್ಲಿ ನಿಂತು ಎಂದು ನಾನು ಗೊಣಗಿಕೊಂಡೆ. ಎದುರು ಕೋಣೆಯ ವಕೀಲರು ಒಂದೊಂದಾಗಿ ಕೇಳಿದರು, ಮೇಡಂ ಹನ್ನೆರಡರ ಕಥೆ, ಹನ್ನೊಂದರ ಕಥೆ ಹೇಳಿದರು. ಆಮೇಲೆ ಸರ್ಕಾರಿ ವಕೀಲರು ಎದ್ದರು.

"ನೀವೇ ಸಹಿ ಹಾಕಿದ ವರದಿ ಸುಳ್ಳು ಅಂತ ನೀವೇ ಹೇಳ್ತಿದ್ದೀರಾ?"

"ಸುಳ್ಳು ಅಂತಿಲ್ಲ. ಅರ್ಧ ಅಂತಿದ್ದೀನಿ."

"ಉಳಿದರ್ಧ ಐದು ವರ್ಷ ಆದ್ಮೇಲೆ, ವಕೀಲರ ಕಚೇರಿ ಸೇರಿದ್ಮೇಲೆ ನೆನಪಾಯ್ತೋ?"

ಮೇಡಂ ಉತ್ತರಿಸುವ ಮೊದಲೇ ನ್ಯಾಯಾಧೀಶೆ ನೋಟ್‌ಬುಕ್ ಕೇಳಿದರು. ಪ್ರಯೋಗಾಲಯದಿಂದ ಬಂದಿದ್ದ ಅಧಿಕಾರಿ ದಪ್ಪ ರಟ್ಟಿನ ಪುಸ್ತಕವನ್ನು ಬಟ್ಟೆಯ ಗಂಟಿನಿಂದ ಬಿಚ್ಚಿ ಮೇಲೆ ಕೊಟ್ಟರು. ಪುಟ ಎಂಬತ್ತೆಂಟು. ನ್ಯಾಯಾಧೀಶೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ನಂತರ ಸರ್ಕಾರಿ ವಕೀಲರನ್ನು ಕರೆದು ತೋರಿಸಿದರು. ಆತ ನೋಡಿದವರೇ ಗೆಲುವಾಗಿ ಅಂದರು: "ಇಲ್ಲೇನೋ ಬರೆದಿದ್ದನ್ನ ಹೊಡೆದು ಹಾಕಿದ್ದಾರೆ, ಯುವರ್ ಆನರ್. ಹೊಡೆದು ಹಾಕಿದ್ದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

ಮೇಡಂ ಕಟಕಟೆಯ ಸರಳು ಹಿಡಿದುಕೊಂಡರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ವೈಟ್ನರ್ ಶೀಶೆಯನ್ನು ನೆನೆದೆ. ಒಂದು ಸವರು ಸವರಿದ್ದರೆ ಸಾಕಿತ್ತು, ಅಡುಗೆಯಮ್ಮನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಶೀಶೆಯ ಮೇಲೆ ನನಗೇ ಭಯವಾಯಿತು.

"ಹೊಡೆದಿದ್ದಾರೆ, ಸರಿ," ಎಂದರು ನ್ಯಾಯಾಧೀಶೆ. "ಆದ್ರೆ ಒಂದೇ ಗೆರೆ ಎಳೆದಿದ್ದಾರೆ. ಕೆಳಗಿರೋದು ಚೆನ್ನಾಗೇ ಓದೋಕೆ ಬರುತ್ತೆ." ಗಟ್ಟಿಯಾಗಿ ಓದಿದರು: "ಬ್ಲ್ಯಾಂಕ್, ಹನ್ನೊಂದು. ಪಾತ್ರೆಯ ಮೇಲೆ ಅನುಮಾನ. ಪರೀಕ್ಷೆ ಮತ್ತೆ ಮಾಡಬೇಕು." ತಲೆ ಎತ್ತಿದರು. "ಇದು ನಿಮ್ಮ ಬರಹವಾ?"

"ಹೌದು," ಎಂದರು ಮೇಡಂ. ಬರೆದಿದ್ದರು! ನೆನಪು ಮೋಸ ಮಾಡಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎನ್ನುತ್ತಾರಲ್ಲ, ಅದು ಏನೆಂದು ನನಗೆ ಆ ಬೆಂಚಿನ ಮೇಲೆ ಗೊತ್ತಾಯಿತು.

"ಗೆರೆ ಎಳೆದವರು ಯಾರು?"

"ಪಕ್ಕದಲ್ಲಿ ಚಿಕ್ಕ ಸಹಿ ಇರ್ಬೇಕು, ತಾರೀಖು ಇರ್ಬೇಕು. ನೋಡಬಹುದಾ?"

ಪುಸ್ತಕ ಅವರ ಕೈಗೆ ಬಂತು. ಸಹಿ ಹಳೆಯ ಮುಖ್ಯಸ್ಥರದು. ತಾರೀಖು ವರದಿ ಹೋದ ಒಂಬತ್ತು ದಿನದ ಮೇಲಿನದು, ಫೈಲಿನ ಪ್ರಕಾರ ಹಾಸ್ಟೆಲಿನ ವಿಚಾರಣೆಗೆ ಪೊಲೀಸರು ಪ್ರಯೋಗಾಲಯಕ್ಕೆ ಬಂದು ಆ ಮುಖ್ಯಸ್ಥರನ್ನು ಕಂಡುಹೋದ ಮರುದಿನದ್ದು. ಮನುಷ್ಯ ಹೆದರಿದ್ದಾನೆ, ಅಳಿಸಲು ಹೊರಟಿದ್ದಾನೆ. ಆದರೆ ಮೂವತ್ತು ವರ್ಷ ಲ್ಯಾಬಿನಲ್ಲಿ ಪಳಗಿದ ಕೈ ಪುಟವನ್ನು ಮಸಿ ಸುರಿದು ಮುಚ್ಚಲು ಒಪ್ಪಿಲ್ಲ. ಸ್ಕೇಲಿಟ್ಟು ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆದಿದ್ದಾನೆ. ಕದಿಯಲು ಹೋದವನು ಗೋಡೆಯ ಮೇಲೆ ಹೆಸರು ವಿಳಾಸ ಬರೆದಿಟ್ಟು ಬಂದ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದನ್ನು ನಾವು ಯಾವಾಗಲೂ ಬೈಗುಳವಾಗಿಯೇ ಬಳಸುತ್ತೇವೆ. ಇಲ್ಲಿ ಅದೇ ಗುಣ ಒಬ್ಬರ ಮಾನ ಕಾಪಾಡಿತು.

"ಹೀಗೆ ಒಂದೇ ಗೆರೆ ಎಳೀಬೇಕು ಅನ್ನೋ ನಿಯಮ ಇದೆಯಾ?" ಎಂದು ನ್ಯಾಯಾಧೀಶೆ ಕೇಳಿದರು.

"ಇದೆ. ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಕಲಿಸಿದ್ದೇ ಅದನ್ನ. ಕಲಿಸಿದ್ದು ಅವರೇ," ಎಂದರು ಮೇಡಂ. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದು ನನಗೆ ಆಶ್ಚರ್ಯ. ನಾನಾಗಿದ್ದರೆ ಆತನ ಜನ್ಮ ಜಾಲಾಡುತ್ತಿದ್ದೆ.

ಮೂರು ವಾರದ ನಂತರ ತೀರ್ಪು. ಹುಡುಗಿಯರಿಗೆ ವಾಂತಿ ಏಕಾಯಿತೆಂದು ಕೊನೆಗೂ ತಿಳಿಯಲಿಲ್ಲ, ಆದರೆ ಅಡುಗೆಯಲ್ಲಿ ವಿಷ ಇತ್ತೆನ್ನಲು ಆ ವರದಿ ಬಿಟ್ಟು ಬೇರೆ ಪುರಾವೆ ಇರಲಿಲ್ಲ. ನಿರ್ದೋಷಿ. ಬಿಡುಗಡೆ.

ಕೋರ್ಟಿನ ಹೊರಗಿನ ಓಣಿಯಲ್ಲಿ ಅಡುಗೆಯಮ್ಮ ಮೇಡಂ ಎದುರು ಬಂದು ನಿಂತರು. "ಹಾಕಿದ್ದೂ ನೀವೇ, ತೆಗೆದಿದ್ದೂ ನೀವೇ. ನಿಮ್ಮನ್ನ ಬೈಬೇಕೋ ಹರಸಬೇಕೋ ನನಗೇ ಗೊತ್ತಾಗ್ತಿಲ್ಲ."

"ಮೊದಲು ಬೈದುಬಿಡಿ," ಎಂದರು ಮೇಡಂ.

ಬೈದರು! ಐದು ವರ್ಷ ಗಂಟು ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿ ಹರವಿದರು. ಓದಿದ ಓದಿಗೆ ಬೆಂಕಿ ಹಾಕ, ನಿಮ್ಮ ಗಾಜಿನ ಪಾತ್ರೆ ಒಡೆದು ಹೋಗ, ತೊಳೆಯೋಕೆ ಬರದಿದ್ರೆ ನನ್ನ ಕರೀಬೇಕಿತ್ತು, ಹೊಳೆಯೋ ಹಾಗೆ ತೊಳೆದುಕೊಡ್ತಿದ್ದೆ! ಓಣಿಯ ಜನರೆಲ್ಲ ನಿಂತು ನೋಡಿದರು. ಮೇಡಂ ತಲೆ ತಗ್ಗಿಸಿ ಕೇಳುತ್ತ, ಒಂದು ಕಡೆ ಕಣ್ಣೀರು ಒರೆಸಿಕೊಳ್ಳುತ್ತ, ಇನ್ನೊಂದು ಕಡೆ ನಗು ತಡೆಯಲಾರದೆ ನಿಂತಿದ್ದರು. ಬೈದು ಬೈದು ದಣಿದ ಅಡುಗೆಯಮ್ಮ ಉಸಿರು ತೆಗೆದುಕೊಂಡು ಅವರ ಮುಖವನ್ನೇ ನೋಡಿದರು.

"ಎಷ್ಟು ಸೊರಗಿದ್ದೀರಿ. ಊಟ ಸರಿಯಾಗಿ ಮಾಡ್ತಿಲ್ವಾ?" ಆಮೇಲೆ ಧ್ವನಿ ತಗ್ಗಿತು. "ಭಾನುವಾರ ಮನೆಗೆ ಬನ್ನಿ. ನಾನು ಅಡುಗೆ ಮಾಡಿದ್ರೆ... ತಿಂತೀರಾ?"

ಭಾನುವಾರ ಹೋದೆವು. ನನ್ನನ್ನೂ ಕರೆದಿದ್ದರು. ಒಂದೇ ಕೋಣೆ, ಗೋಡೆಗೆ ಆನಿಸಿದ ಒಲೆ, ಬೆಳ್ಳಗೆ ಉಜ್ಜಿಟ್ಟ ಪಾತ್ರೆಗಳು. ಅಡುಗೆಯಮ್ಮನ ತಂಗಿಯೂ ಬಂದಿದ್ದಳು, ತಟ್ಟೆಯ ಮುಂದೆ ಕೂರದೆ ಬಾಗಿಲಿಗೆ ಒರಗಿ ನಿಂತಿದ್ದಳು. ಬಿಸಿ ಅನ್ನ, ಅದರ ಪಕ್ಕದಲ್ಲಿ ಬೇಯಿಸಿದ ತರಕಾರಿ. ಅಂದು ಹಾಸ್ಟೆಲಿನಲ್ಲಿ ಮಾಡಿದ ಅದೇ ತರಕಾರಿ ಎಂದು ಆಕೆ ತಾವಾಗಿಯೇ ಹೇಳಿದರು. ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಿಂತರು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎಲ್ಲ ಗೊತ್ತಿದ್ದೂ, ತೀರ್ಪಿನ ಪ್ರತಿಯನ್ನು ನಾನೇ ಕೈಯಾರೆ ತಂದಿದ್ದೂ, ಒಂದು ಗಳಿಗೆ ನನ್ನ ಕೈ ತಟ್ಟೆಯ ಮೇಲೆ ತಡೆಯಿತು. ಆಕೆ ಅದನ್ನು ನೋಡಿದರು.

ಮೇಡಂ ನೋಡಲಿಲ್ಲ. ಅವರು ಆಗಲೇ ತಿನ್ನುತ್ತಿದ್ದರು. ತಿಂಗಳುಗಳಿಂದ ಎರಡೇ ತುತ್ತಿಗೆ ಡಬ್ಬಿ ಮುಚ್ಚುತ್ತಿದ್ದವರು ತಲೆ ಎತ್ತದೆ, ಮಾತಾಡದೆ, ತಟ್ಟೆಯ ಅರ್ಧ ಖಾಲಿ ಮಾಡಿದ್ದರು. ನಾನೂ ಗಬಕ್ಕನೆ ದೊಡ್ಡ ತುತ್ತು ಬಾಯಿಗಿಟ್ಟೆ, ನಾಲಿಗೆ ಸುಟ್ಟಿತು. ಮೇಡಂ ತಟ್ಟೆಯನ್ನು ಮುಂದೆ ಚಾಚಿದರು.

"ಇನ್ನೊಂದು ಸೌಟು ಹಾಕಿ ಅಮ್ಮ," ಎಂದರು. "ತರಕಾರೀನೇ ಹಾಕಿ."

ಬಾಗಿಲಿಗೆ ಒರಗಿದ್ದ ತಂಗಿ ಒಳಗೆ ಬಂದು ತಟ್ಟೆ ಎಳೆದುಕೊಂಡು ಕುಳಿತಳು.